ಎರೆಮಣ್ಣಿನ ಇರುವೆಗಳು: ಯಾರ ಪಟ್ಟಿಗೂ ಸೇರದ ಐದು ತಾಲೂಕು

ಇರುವೆ ಸಾಕುವುದು ಯೂಟ್ಯೂಬ್ ತಂದ ಹೊಸ ಹುಚ್ಚು ಎಂಬ ಮಾತು ಈಚೆಗೆ ಚಲಾವಣೆಗೆ ಬಂದಿದೆ. ಚಿಕ್ಕೋಡಿ, ನಿಪ್ಪಾಣಿ ಕಡೆಯ ಕಾಲೇಜು ಹುಡುಗರು ಅಕ್ರಿಲಿಕ್ ಪೆಟ್ಟಿಗೆಯ ಬೆಲೆ ವಿಚಾರಿಸುತ್ತಾರೆ, ರಾಣಿ ಇರುವೆ ಕೊರಿಯರಿನಲ್ಲಿ ಬರುತ್ತದೆಯೇ ಎಂದು ಕೇಳುತ್ತಾರೆ. ಹಿತ್ತಿಲ ಬೇವಿನ ಬುಡದಲ್ಲಿ ಇರುವುದು ಯಾವುದಪ್ಪಾ ಎಂದರೆ ‘ಕರೀ ಗೊದ್ದ’ ಎಂದು ಒಂದೇ ಮಾತಿಗೆ ಮುಗಿಸುತ್ತಾರೆ. ತಪ್ಪು ಅವರದಲ್ಲ. ಇರುವೆ ಗಮನಿಸುವ ವಿದ್ಯೆಗೆ ನಮ್ಮ ದಖ್ಖನ್ನಿನಲ್ಲಿ ಹತ್ತಿರ ಹತ್ತಿರ ಇನ್ನೂರು ವರ್ಷದ ಹಿನ್ನೆಲೆ ಇದೆಯೆಂದು ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದವರೆಲ್ಲ ಪಶ್ಚಿಮ ಘಟ್ಟ ಹತ್ತಿ ಕೂತಿದ್ದಾರೆ.

ಮೊದಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಇರುವೆ ಕಾಳು ಕೂಡಿಡುತ್ತದೆ ಎಂಬುದು ಹಳೆಯ ಕಟ್ಟುಕತೆ ಎಂದು ಯೂರೋಪಿನ ಪಂಡಿತರು ಬಹುಕಾಲ ನಂಬಿದ್ದರು. ಬೆಳೆ ಕೊಯ್ದು ಕಣ ಮಾಡುವ ನಮ್ಮ ರೈತನನ್ನು ಕೇಳಿದ್ದರೆ ಒಂದು ನಿಮಿಷದ ಕೆಲಸ. ಮುಂಬೈ ಸೈನ್ಯದ ಅಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ ಪುಣೆಯಲ್ಲಿ, ಮಳೆಗೆ ನೆನೆದ ಹುಲ್ಲುಬೀಜವನ್ನು ಇರುವೆಗಳು ಗೂಡಿನಿಂದ ಹೊರಗೆ ತಂದು ಒಣಹಾಕುವುದನ್ನು ಕಣ್ಣಾರೆ ಕಂಡು 1835ರಲ್ಲಿ ಪ್ರಕಟಿಸಿದ. ಆ ಇರುವೆ ಇಂದಿಗೂ ಅವನು ಕೊಟ್ಟ ‘ಪ್ರೊವಿಡೆನ್ಸ್’ ಎಂಬ ಹೆಸರಿನಲ್ಲೇ ಇದೆ, ಕುಲ ಮಾತ್ರ ಫೀಡೋಲೆ ಆಗಿದೆ. 1851ರಲ್ಲಿ ಜೆರ್ಡನ್ ದಕ್ಷಿಣ ಭಾರತದ ಇರುವೆಗಳ ಪಟ್ಟಿ ಮಾಡಿದ. 1892ರಲ್ಲಿ ಮುಂಬೈ ಪ್ರಾಂತದ ಅರಣ್ಯಾಧಿಕಾರಿ ರೌಟನ್ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ‘ನಮ್ಮ ಇರುವೆಗಳು’ ಬರೆದ. ಕಾರವಾರದ ಕಡೆಯಿಂದ ಏಟ್ಕನ್ ಮಾದರಿ ಕಳಿಸುತ್ತಿದ್ದ. ಇವೆಲ್ಲ ಸ್ವಿಟ್ಜರ್ಲೆಂಡಿನ ಆಗಸ್ಟ್ ಫೊರೆಲ್ ಎಂಬ ಮನೋವೈದ್ಯನ ಮೇಜು ಸೇರಿ ಹೆಸರು ಪಡೆಯುತ್ತಿದ್ದವು. ಮುಂದೆ ಆ ದೇಶ ತನ್ನ ಸಾವಿರ ಫ್ರಾಂಕಿನ ನೋಟಿನ ಒಂದು ಬದಿಗೆ ಫೊರೆಲನನ್ನೂ ಇನ್ನೊಂದು ಬದಿಗೆ ಇರುವೆಗಳನ್ನೂ ಅಚ್ಚು ಹಾಕಿತು. 1903ರಲ್ಲಿ ಬಿಂಗ್‌ಹ್ಯಾಂ ಎಲ್ಲವನ್ನೂ ಒಂದು ಸಂಪುಟಕ್ಕೆ ತಂದ. ಇಂದಿಗೂ ನಾವು ಕೈಗೆತ್ತಿಕೊಳ್ಳುವ ಸಂಪುಟ ಅದು.

ಈ ಪಟ್ಟಿಗಳೆಲ್ಲ ಕಾಡಿನ ದಾರಿ, ಕಂಟೋನ್ಮೆಂಟಿನ ದಾರಿ ಹಿಡಿದು ಬೆಳೆದವು. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ರಾಯಬಾಗ ಸುತ್ತಿನ ನಮ್ಮ ಐದು ತಾಲೂಕಿನಲ್ಲಿ ಅರಣ್ಯಾಧಿಕಾರಿಗೆ ಕೆಲಸವಾಗುವಷ್ಟು ಕಾಡೇ ಇರಲಿಲ್ಲ. ರಾಯಬಾಗವಂತೂ ಕೊಲ್ಹಾಪುರ ಸಂಸ್ಥಾನದಲ್ಲಿತ್ತು, ಉಳಿದವು ಜಹಗೀರು, ಸಂಸ್ಥಾನ, ಕಂಪನಿ ಸರಕಾರ ಎಂದು ಹಂಚಿಹೋಗಿ ಒಂದೊಂದಾಗಿ ಬ್ರಿಟಿಷರ ಕೈ ಸೇರಿದವು. ಉತ್ತರಕ್ಕೆ ಪುಣೆ, ದಕ್ಷಿಣಕ್ಕೆ ಕಾರವಾರ, ನಡುವೆ ಕೃಷ್ಣಾ, ದೂಧಗಂಗಾ, ವೇದಗಂಗೆಯ ಎರೆಭೂಮಿ ಬಿಟ್ಟುಹೋಯಿತು.

ಸಾಕುವ ಕಲೆಯ ವಂಶಾವಳಿ ಬೇರೆ. ಇಂಗ್ಲೆಂಡಿನ ಜಾನ್ ಲಬಕ್ ಎರಡು ಗಾಜಿನ ಹಲಗೆಯ ನಡುವೆ ತೆಳುವಾಗಿ ಮಣ್ಣು ತುಂಬಿ ಇರುವೆ ಸಾಕಿ 1882ರಲ್ಲಿ ಪುಸ್ತಕ ಬರೆದ. ಅವನ ಒಂದು ರಾಣಿ ಹದಿನೈದು ವರ್ಷದ ಹತ್ತಿರ ಬದುಕಿತು. ಫ್ರಾನ್ಸಿನ ಶಾರ್ಲ್ ಜಾನೆ ಪ್ಲಾಸ್ಟರಿನ ಗೂಡು ಕೊರೆದು 1900ರ ಪ್ಯಾರಿಸ್ ಪ್ರದರ್ಶನದಲ್ಲಿಟ್ಟ. ಇರುವೆ ತಪ್ಪಿಸಿಕೊಳ್ಳದಂತೆ ಲಬಕ್ ಸುತ್ತ ನೀರು ನಿಲ್ಲಿಸಿದ. ಇರುವೆ ಬರದಂತೆ ಅಡಿಗೆಮನೆಯ ಕಪಾಟಿನ ಕಾಲಿಗೆ ನೀರಿನ ಬಟ್ಟಲಿಡುವ ನಮ್ಮ ಹೆಂಗಸರ ಉಪಾಯವೂ ಅದೇ, ದಿಕ್ಕು ಮಾತ್ರ ತಿರುವುಮುರುವು. ಈ ಬಟ್ಟಲಿನ ಸೋಲನ್ನೂ ಸೈಕ್ಸನೇ ಬರೆದಿಟ್ಟಿದ್ದಾನೆ. ಸಿಹಿತಿಂಡಿಯ ಮೇಜಿನ ಕಾಲುಗಳನ್ನು ನೀರಿನಲ್ಲಿ ನಿಲ್ಲಿಸಿದರೆ ಇರುವೆಗಳು ಗೋಡೆ ಹತ್ತಿ ಮೇಲಿನಿಂದ ಮೇಜಿನ ಮೇಲೆ ಬಿದ್ದವಂತೆ. ಇದನ್ನು ನಂಬದವರು ಯಾವ ಮದುವೆಮನೆಯ ಉಗ್ರಾಣದಲ್ಲಾದರೂ ಒಂದು ರಾತ್ರಿ ಕಾಯಬಹುದು.

ಸ್ವಾತಂತ್ರ್ಯಾನಂತರ ದೀರ್ಘ ಮೌನ. ಕರ್ನಾಟಕದಲ್ಲಿ ಅದನ್ನು ಮುರಿದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿ. ರಾಜ್ಯದ ಇರುವೆಗಳನ್ನು ಕಲೆಹಾಕಿ ಹೆಸರು ಹಚ್ಚುವ, ಯಾರೂ ಚಪ್ಪಾಳೆ ತಟ್ಟದ ಕೆಲಸವನ್ನು ಅವರು ಮಾಡಿದರು. ಜೆರ್ಡನ್ 1851ರಲ್ಲಿ ಹೆಸರಿಟ್ಟ ಜಿಗಿಯುವ ಇರುವೆ ಹಾರ್ಪೆಗ್ನಾಥಸ್ ಸಾಲ್ಟೇಟರ್‌ನ ಗೂಡಿನ ರಚನೆಯ ಬಗ್ಗೆ 1994ರಲ್ಲಿ ಬಂದ ಪ್ರಬಂಧದಲ್ಲಿ ಪೀಟರ್ಸ್, ಹೋಲ್ಡಾಬ್ಲರ್, ಮಾಫೆಟ್ ಜೊತೆಗೆ ಅವರ ಹೆಸರೂ ಇದೆ. ಜೋಗದ ಸುತ್ತಿನಿಂದ ಹೋದ ಆ ಇರುವೆಯ ಸಂತತಿ ಇಂದು ಅಮೆರಿಕದ ಪ್ರಯೋಗಾಲಯಗಳಲ್ಲಿದೆ. 2010ರಲ್ಲಿ ಪೂರ್ತಿ ಜೀನೋಮ್ ಓದಿಸಿಕೊಂಡ ಮೊದಲ ಎರಡು ಇರುವೆಗಳಲ್ಲಿ ಅದೂ ಒಂದು. ರಾಣಿ ಸತ್ತರೆ ಅದರ ಕೆಲಸಗಾರ್ತಿಯೇ ಮೊಟ್ಟೆಯಿಡುವ ಪಟ್ಟಕ್ಕೇರುತ್ತದೆ, ಮಿದುಳು ಐದರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ, ಪಟ್ಟ ಹೋದರೆ ಮಿದುಳು ಮತ್ತೆ ಮೊದಲಿನಂತಾಗುತ್ತದೆ. ನಮ್ಮ ರಾಜ್ಯದ ಇರುವೆಯನ್ನು ಜಗತ್ತು ಸಾಕುತ್ತಿರುವಾಗ ನಮ್ಮ ಹುಡುಗರು ಹೊರಗಿನ ಇರುವೆಗೆ ದುಡ್ಡು ಕಟ್ಟಲು ಹೊರಟಿದ್ದಾರೆ.

2006ರಲ್ಲಿ ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಪರ್ಯಾಯದ್ವೀಪ ಭಾರತದ ಇರುವೆಗಳ ಕೈಪಿಡಿ ತಂದರು. ನಮ್ಮ ತಲೆಮಾರಿನ ಪಾಲಿಗೆ ನಿಜವಾದ ತಿರುವು ಅದು. ಅಲ್ಲಿಯವರೆಗೆ ಬಿಂಗ್‌ಹ್ಯಾಂನ ಜೆರಾಕ್ಸ್ ಪುಟ, ಒಂದು ಹತ್ತು ಪಟ್ಟಿನ ಮಸೂರ, ಉಳಿದದ್ದು ಊಹೆ. ಪಟಿಯಾಲದ ಹಿಮೇಂದರ್ ಭಾರ್ತಿ ಮತ್ತು ಸಂಗಡಿಗರು 2016ರಲ್ಲಿ ಕೊಟ್ಟ ಪಟ್ಟಿಯಲ್ಲಿ ಭಾರತದ ಇರುವೆಗಳು ಉಪಪ್ರಭೇದವೂ ಸೇರಿ 828, ಕುಲಗಳು 100. ಆ ಪಟ್ಟಿ ರಾಜ್ಯವಾರು ಇದೆ. ಕರ್ನಾಟಕ ಎಂದರೆ ಘಟ್ಟವೂ ಕರ್ನಾಟಕ, ಅಥಣಿಯೂ ಕರ್ನಾಟಕ. ಘಟ್ಟದ ಲೆಕ್ಕದಲ್ಲಿ ನಾವೂ ಪಾಸಾಗಿಬಿಟ್ಟಿದ್ದೇವೆ.

ಈ ಐದು ತಾಲೂಕಿನಲ್ಲಿ ಇರುವೆ ಹುಡುಕಿದವರು ಬೆರಳೆಣಿಕೆ, ಹೆಚ್ಚಿನವರು ಶಾಲಾ ಶಿಕ್ಷಕರು. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಯೋಜನೆ ಬೇಕೆಂದು ಶುರುವಾದದ್ದು ಕೆಲವರಲ್ಲಿ ಚಟವಾಗಿ ಉಳಿಯಿತು. ನಮಗೆ ಪಂಚಾಂಗವೇ ಮಾರ್ಗದರ್ಶಿ. ಅಡ್ಡಮಳೆ ಬಿದ್ದ ಸಂಜೆಯಿಂದ ರೋಹಿಣಿ, ಮಿರಗ ಮುಗಿಯುವವರೆಗೆ ಬೀದಿದೀಪದ ಕೆಳಗೆ ಕಣ್ಣಿಡಬೇಕು. ರೆಕ್ಕೆ ಉದುರಿಸಿಕೊಂಡು ಗೋಡೆಯ ಬುಡ ಹಿಡಿದು ಅವಸರದಲ್ಲಿ ಓಡುವ ದಪ್ಪನೆಯ ಕರಿ ಗೊದ್ದ, ಅಂದರೆ ಕ್ಯಾಂಪೊನೋಟಸ್ ಕಂಪ್ರೆಸಸ್, ಕಂಡರೆ ಅದು ಮದುವೆ ಮುಗಿಸಿದ ರಾಣಿ. ಬೆನ್ನಿನ ಬದಿಯಲ್ಲಿ ರೆಕ್ಕೆ ಕಿತ್ತ ಗಾಯದ ಗುರುತು ಮಸೂರದಲ್ಲಿ ಕಾಣುತ್ತದೆ. ನಿಪ್ಪಾಣಿಯ ಮರಾಠಿ ಮನೆಗಳಲ್ಲಿ ಇದನ್ನು ಮುಂಗಳಾ ಎನ್ನುತ್ತಾರೆ.

ಪರೀಕ್ಷಾನಳಿಕೆಯ ಮೂರನೇ ಒಂದು ಭಾಗ ನೀರು, ಅದರ ಮೇಲೆ ಹತ್ತಿ, ನಡುವೆ ರಾಣಿ, ಬಾಯಿಗೆ ಇನ್ನೊಂದು ಹತ್ತಿ. ಸುತ್ತ ಕಾಗದ ಸುತ್ತಿ ಕತ್ತಲು ಮಾಡಿ ಮರೆತುಬಿಡಬೇಕು. ಊಟ ಕೊಡಬಾರದು. ಇನ್ನೆಂದೂ ಹಾರದ ರಾಣಿ ತನ್ನ ರೆಕ್ಕೆಯ ಸ್ನಾಯುವನ್ನೇ ಕರಗಿಸಿಕೊಂಡು ಮೊದಲ ಮರಿಗಳಿಗೆ ಉಣಿಸುತ್ತದೆ. ಮೊಟ್ಟೆಗಳು ಒಂದಕ್ಕೊಂದು ಅಂಟಿ ಸಣ್ಣ ಗಂಟಾಗಿರುತ್ತವೆ. ಬೆಳಕು ಬಿದ್ದರೆ ರಾಣಿ ಆ ಗಂಟನ್ನು ದವಡೆಯಲ್ಲಿ ಕಚ್ಚಿ ಮೂಲೆಗೆ ಓಡುತ್ತದೆ. ನಂತರ ಮರಿಗಳು ಹಳದಿ ಮಿಶ್ರಿತ ಕೋಶ ನೇಯ್ದುಕೊಳ್ಳುತ್ತವೆ. ಮಳೆಗೆ ಮುಂಚೆ ಇರುವೆ ಬಾಯಲ್ಲಿ ಹೊತ್ತು ಸಾಗಿಸುವ ‘ಮೊಟ್ಟೆ’ ಎಂದು ಜನ ತೋರಿಸುವುದು ಹೆಚ್ಚಾಗಿ ಇದನ್ನೇ. ಕೋಶ ಹರಿದು ಹೊರಬರುವ ಮೊದಲ ಕೆಲಸಗಾರ್ತಿಗಳು ಬಡಕಲು. ಅವು ಓಡಾಡತೊಡಗಿದ ಮೇಲೆ ಬೆಲ್ಲದ ನೀರಿನ ಹನಿ, ಕತ್ತರಿಸಿದ ಗೆದ್ದಲು.

ಪುಸ್ತಕದಲ್ಲಿ ಇಲ್ಲದ್ದು ನಮ್ಮ ಬಿಸಿಲು. ಏಪ್ರಿಲ್‌ನಲ್ಲಿ ನಳಿಕೆಯೊಳಗಿನ ಗಾಳಿಗುಳ್ಳೆ ಹಿಗ್ಗಿ ನೀರನ್ನು ಹತ್ತಿಯ ಈಚೆಗೆ ತಳ್ಳುತ್ತದೆ, ಸಂಜೆಯಾಗುವಷ್ಟರಲ್ಲಿ ಗೂಡು ಮುಳುಗಿರುತ್ತದೆ. ನೀರಿನ ಹರವಿಯ ಪಕ್ಕದ ತಂಪಿನಲ್ಲಿ ನಳಿಕೆಯನ್ನು ಮರಳಿನಲ್ಲಿ ಹೂತಿಡುವುದು ನಾವು ಕಂಡುಕೊಂಡ ದಾರಿ. ಪ್ಲಾಸ್ಟರ್ ಗೂಡಿಗೆ ಶ್ರಾವಣದಲ್ಲಿ ಬೂಷ್ಟು ಹಿಡಿಯುತ್ತದೆ. ಕಟ್ಟಡದವರು ಎಸೆದ ಹಗುರ ಎಎಸಿ ಬ್ಲಾಕನ್ನು ಕೊರೆದು ಮಾಡಿದ ಗೂಡು ಮೇಲು, ಖರ್ಚೂ ಇಲ್ಲ. ಅಥಣಿಯ ದ್ರಾಕ್ಷಿ ತೋಟದಿಂದಾಗಲಿ ನಿಪ್ಪಾಣಿಯ ತಂಬಾಕಿನ ಹೊಲದಿಂದಾಗಲಿ ಹುಳ ಹಿಡಿದು ಉಣಿಸಬೇಡಿ. ಔಷಧಿ ಹೊಡೆದ ಹೊಲದ ಒಂದು ಮಿಡತೆ ಇಡೀ ಗೂಡನ್ನು ಮುಗಿಸಬಲ್ಲದು.

ಎಲ್ಲ ಇರುವೆಗೂ ಈ ಪಾಠ ಹೊಂದುವುದಿಲ್ಲ. ಡಯಾಕಮ್ಮದಲ್ಲಿ ರಾಣಿ ಎಂಬುದೇ ಇಲ್ಲ. ಎದೆಯ ಮೇಲಿನ ಎರಡು ಪುಟ್ಟ ಮೊಗ್ಗುಗಳನ್ನು ಉಳಿಸಿಕೊಂಡವಳೇ ಯಜಮಾನಿ, ಬೇರೆಯವರ ಮೊಗ್ಗನ್ನು ಕಚ್ಚಿ ತೆಗೆಯಲಾಗುತ್ತದೆ. ಇದರ ರಾಣಿಗಾಗಿ ಮಳೆಗಾಲವಿಡೀ ಕಾದು ಕೂತವರನ್ನು ಬಲ್ಲೆ. ಒಡ್ಡಿನ ಮೇಲೆ ಗೂಡಿನ ಬಾಯಿಯ ಸುತ್ತ ಹಕ್ಕಿಪುಕ್ಕ, ಕಡ್ಡಿ ಚುಚ್ಚಿಟ್ಟಿದ್ದರೆ ಅದು ಡಯಾಕಮ್ಮ. ಆ ಪುಕ್ಕದ ಮೇಲೆ ಕೂತ ಇಬ್ಬನಿಯನ್ನು ಅವು ಕುಡಿಯುತ್ತವೆ ಎಂದು ಮಾಫೆಟ್ 1985ರಲ್ಲಿ ಬರೆದ. ಸಾಲುಗಟ್ಟಿ ಗೆದ್ದಲಿನ ಬೇಟೆಗೆ ಹೊರಡುವ ಲೆಪ್ಟೊಜೆನಿಸ್ ಪೆಟ್ಟಿಗೆಯಲ್ಲಿ ಉಳಿಯದು. ಮಾವಿನ ಎಲೆ ಹೊಲಿಯುವ ಕೆಂಜಿಗಕ್ಕೆ ಇಡೀ ಮರ ಬೇಕು. ಕಚ್ಚಿ ಉರಿಸುವ ಸೊಲೆನಾಪ್ಸಿಸ್ ಜೆಮಿನೇಟ ಅಮೆರಿಕದ ಉಷ್ಣವಲಯದಿಂದ ವ್ಯಾಪಾರದ ಹಡಗಿನಲ್ಲಿ ಬಂದದ್ದು, ಸಾಕಿ ಬೇಸರವಾಯಿತೆಂದು ಬೇರೆ ಊರಲ್ಲಿ ಬಿಡುವಂತಿಲ್ಲ.

ಹೀಗೆ ಸಾಕಿದವರಲ್ಲಿ ಎರಡು ಪಂಥ. ಒಂದು ಪೆಟ್ಟಿಗೆ ಪಂಥ, ಇನ್ನೊಂದು ಟಿಪ್ಪಣಿ ಪಂಥ. ನಾನು ಎರಡನೆಯದರವನು, ಪಕ್ಷಪಾತ ಇದ್ದೇ ಇದೆ. ಬಣ್ಣದ ದೀಪ ಹಾಕಿದ ಗೂಡಿನಲ್ಲಿ ಸಾವಿರ ಇರುವೆ ಇದ್ದರೂ ಯಾವ ಊರು, ಯಾವ ದಿನ, ಎಷ್ಟು ಹೊತ್ತಿಗೆ ಹಿಡಿದದ್ದೆಂದು ಬರೆದಿಲ್ಲವಾದರೆ ಅದು ಷೋಕೇಸು. ಈ ಶೋಕಿ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಕೀನ್ಯಾ ನೋಡಿ: 2025ರಲ್ಲಿ ಸುಮಾರು 5,000 ರಾಣಿ ಇರುವೆಗಳನ್ನು ಸಾಗಿಸಲು ಹೊರಟ ಇಬ್ಬರು ಬೆಲ್ಜಿಯಂ ಹುಡುಗರಿಗೆ ಅಲ್ಲಿನ ನ್ಯಾಯಾಲಯ 10 ಲಕ್ಷ ಶಿಲ್ಲಿಂಗ್ ದಂಡ ಹಾಕಿತು.

ಟಿಪ್ಪಣಿ ಪಂಥಕ್ಕೆ ನಮ್ಮಲ್ಲಿ ಇನ್ನೂ ಹಳೆಯ ಬೇರಿದೆ. ಜೈನ ಆಚಾರ್ಯ ವಿದ್ಯಾಸಾಗರರು ಹುಟ್ಟಿದ ಸದಲಗಾ, ದೇಶಭೂಷಣರ ಕೋಥಳಿ, ವಿದ್ಯಾನಂದರ ಶೇಡಬಾಳ ಇವೆಲ್ಲ ಈ ತಾಲೂಕುಗಳವೇ. ಇರುವೆಯನ್ನು ಹಿಡಿದಿಡುವುದೇ ಹಿಂಸೆ ಎಂದು ಇಲ್ಲಿನ ಹಿರಿಯರು ತಕರಾರು ತೆಗೆದರೆ ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಜೈನರ ತತ್ತ್ವಾರ್ಥಸೂತ್ರ ಇರುವೆಯನ್ನು ಸ್ಪರ್ಶ, ರುಚಿ, ವಾಸನೆ ಎಂಬ ಮೂರು ಇಂದ್ರಿಯದ ಜೀವಿಗಳ ಸಾಲಿಗೆ ಸೇರಿಸುತ್ತದೆ. ಕಣ್ಣಿಲ್ಲ ಎನ್ನುವುದು ಎಲ್ಲ ಇರುವೆಗೂ ಒಪ್ಪದು, ಜಿಗಿಯುವ ಇರುವೆಗೆ ದೊಡ್ಡ ಕಣ್ಣೇ ಇವೆ. ಆದರೆ ಇರುವೆಯ ಲೋಕ ನಡೆಯುವುದು ಮುಖ್ಯವಾಗಿ ವಾಸನೆಯ ಮೇಲೆ ಎಂಬುದನ್ನು ಆಧುನಿಕ ವಿಜ್ಞಾನವೂ ಒಪ್ಪುತ್ತದೆ. ದಿನಾ ಬೆಳಗ್ಗೆ ಗೂಡಿಗೆ ಹಿಟ್ಟು ಸಕ್ಕರೆ ಹಾಕುವ ಅಜ್ಜಿಗೆ ಯಾವ ಗೂಡು ಎಷ್ಟು ವರ್ಷದಿಂದ ಇದೆ, ಯಾವುದು ಯಾವ ಮಳೆಗೆ ಜಾಗ ಬದಲಿಸಿತು ಎಂಬುದು ಬಾಯಿಪಾಠ. ಅದನ್ನು ಬರೆದುಕೊಳ್ಳಲು ಯಾರೂ ಹೋಗಿಲ್ಲ.

ಬರೆಯದೆ ಬಿಟ್ಟದ್ದು ಅದೊಂದೇ ಅಲ್ಲ. 2005 ಮತ್ತು 2019ರಲ್ಲಿ ಕೃಷ್ಣೆ ಉಕ್ಕಿ ನೀರು ದಿನಗಟ್ಟಲೆ ನಿಂತ ಹೊಲಗಳಲ್ಲಿ ನೆಲದ ಗೂಡುಗಳ ಗತಿ ಏನಾಯಿತು? ಕಬ್ಬು ಕಡಿದ ಮೇಲೆ ರವದಿ ಸುಟ್ಟ ಹೊಲಕ್ಕೂ ಸುಡದ ಹೊಲಕ್ಕೂ ಇರುವೆಯಲ್ಲಿ ವ್ಯತ್ಯಾಸವೆಷ್ಟು? ಜೋಳದ ಹೊಲದಂಚಿನಲ್ಲಿ ಹೊಟ್ಟಿನ ಉಂಗುರ ಹಾಕುವ ಸುಗ್ಗಿ ಇರುವೆ, ಕಾಲುವೆ ಬಂದು ಜೋಳ ಹೋದ ಕಡೆ ಉಳಿದಿದೆಯೇ? 2002ರಲ್ಲಿ ಸಾಂಗ್ಲಿ ಕಡೆಯಿಂದ ಬಿಳಿ ಉಣ್ಣೆ ಹೇನು ಬಂದಾಗ ಕಬ್ಬಿನ ರೈತರು ಎಲೆ ಮಗುಚಿ ಮಿತ್ರಕೀಟ ಯಾವುದು, ಶತ್ರು ಯಾವುದು ಎಂದು ಗುರುತಿಸಲು ಕಲಿತರು. ಬೆಳೆ ಉಳಿಸಿಕೊಳ್ಳುವ ಗರಜು ಇತ್ತು, ಕಲಿತರು. ಇರುವೆಗೆ ಅಂಥ ಗರಜಿಲ್ಲ, ಅನುದಾನವೂ ಇಲ್ಲ. ಬಯಲುಸೀಮೆಯ ಇರುವೆ ಸಾಮಾನ್ಯ ಇರುವೆ ಎಂದು ಮೊದಲೇ ತೀರ್ಮಾನಿಸಿದವರು ಅದನ್ನು ಎಣಿಸಿ ನೋಡಿಲ್ಲ.

ಆದ್ದರಿಂದ ರಾಣಿ ಕೊಳ್ಳಲು ಹೊರಟವರಲ್ಲಿ ನನ್ನ ವಿನಂತಿ ಇಷ್ಟೇ. ದುಡ್ಡು ಉಳಿಸಿ ಒಂದು ಮಸೂರ ತನ್ನಿ. ಈ ಸಲದ ಅಡ್ಡಮಳೆಗೆ ನಿಮ್ಮೂರಲ್ಲಿ ರೆಕ್ಕೆ ಇರುವೆ ಎದ್ದ ದಿನ, ಹೊತ್ತು, ಮಣ್ಣು ಎರೆಯೋ ಮಸಾರಿಯೋ, ಹಿಂದಿನ ಮಳೆ ಯಾವಾಗ ಬಿತ್ತು ಎಂಬುದನ್ನು ಬರೆದಿಡಿ, ಫೋಟೋ ತೆಗೆಯಿರಿ. ಸಾಕುವುದಾದರೆ ಒಂದೇ ರಾಣಿ ಸಾಕು. ಆಗದಿದ್ದರೆ ಹಿಡಿದ ಜಾಗದಲ್ಲೇ ಬಿಡಿ, ಬರೆದ ಹಾಳೆ ಮಾತ್ರ ಎಸೆಯಬೇಡಿ.