ಟೇಪ್ ಬ್ಯಾಕಪ್ ಹಳೆಯದಾಯಿತೇ? ಲಿನಕ್ಸ್‌ನಲ್ಲಿ ಅದನ್ನು ಬಳಸುವುದು ಹೇಗೆ?

ನಂಬಿಕೆ: ಟೇಪಿನ ಕಾಲ ಕ್ಯಾಸೆಟ್ ಜೊತೆಗೇ ಮುಗಿಯಿತು. ಈಗ ಎಲ್ಲವೂ ಕ್ಲೌಡ್‌ನಲ್ಲಿ ಭದ್ರ.

ವಾಸ್ತವ: ಎರಡೂ ಮಾತು ಪೂರ್ತಿ ನಿಜವಲ್ಲ. 2011ರ ಫೆಬ್ರವರಿಯಲ್ಲಿ ಸಾಫ್ಟ್‌ವೇರ್ ದೋಷದಿಂದ ಸುಮಾರು ಶೇ. 0.02ರಷ್ಟು ಜಿಮೇಲ್ ಬಳಕೆದಾರರ ಮೇಲ್‌ಗಳು ಕಾಣೆಯಾದವು. ಬೇರೆ ಡೇಟಾ ಸೆಂಟರ್‌ಗಳಲ್ಲಿದ್ದ ಪ್ರತಿಗಳಿಗೂ ಅದೇ ದೋಷ ತಟ್ಟಿತ್ತು. ಗೂಗಲ್ ಅವನ್ನು ಮರಳಿ ಪಡೆದದ್ದು ಟೇಪ್‌ನಿಂದ. ಡ್ರೈವ್‌ನಿಂದ ತೆಗೆದು ಕಪಾಟಿನಲ್ಲಿಟ್ಟ ಟೇಪಿಗೆ ವೈರಸ್ ತಲುಪುವುದಿಲ್ಲ. ಅದರ ಬಲ ಇರುವುದೇ ಅಲ್ಲಿ.

45 ಟಿಬಿ ಎಂಬ ಲೆಕ್ಕ

ಇಂದು ಹೆಚ್ಚು ಬಳಕೆಯಲ್ಲಿರುವುದು ಎಲ್‌ಟಿಒ ಟೇಪ್. ಎಲ್‌ಟಿಒ-9 ಕಾರ್ಟ್ರಿಡ್ಜ್‌ಗೆ 45 ಟಿಬಿ ಎಂದು ಜಾಹೀರಾತು ಮಾಡುತ್ತಾರೆ. ನಿಜವಾದ ಜಾಗ 18 ಟಿಬಿ. ಮಾಹಿತಿ ಎರಡೂವರೆ ಪಟ್ಟು ಕುಗ್ಗುತ್ತದೆ ಎಂದು ಊಹಿಸಿ ಆ ದೊಡ್ಡ ಸಂಖ್ಯೆ ಹಾಕುತ್ತಾರೆ. ಫೋಟೋ, ವಿಡಿಯೋಗಳು ಮೊದಲೇ ಕುಗ್ಗಿರುವುದರಿಂದ ಈ ಲಾಭ ಸಿಗುವುದಿಲ್ಲ.

ಡ್ರೈವ್ ಹೊಂದಿಸುವ ಹಂತಗಳು

1. ಸಾಮಾನ್ಯವಾಗಿ ಎಲ್‌ಟಿಒ ಡ್ರೈವ್‌ಗೆ ಎಸ್‌ಎಎಸ್ ಕಾರ್ಡ್ ಬೇಕು. ಹಾರ್ಡ್‌ಡಿಸ್ಕ್‌ಗಾಗಿ ಇರುವ ಎಲ್ಲ ರೇಡ್ ಕಾರ್ಡ್‌ಗಳೂ ಟೇಪನ್ನು ಗುರುತಿಸುವುದಿಲ್ಲ. ಕೊಳ್ಳುವ ಮುನ್ನ ಕೇಳಿ.

2. ಲಿನಕ್ಸ್ ಡ್ರೈವನ್ನು ಗುರುತಿಸಿದರೆ 'ಎಸ್‌ಟಿ0' ಮತ್ತು 'ಎನ್‌ಎಸ್‌ಟಿ0' ಎಂಬ ಎರಡು ಹೆಸರು ಕಾಣುತ್ತವೆ. ಫ್ರೀಬಿಎಸ್‌ಡಿಯಲ್ಲಿ ಅವು 'ಎಸ್‌ಎ0', 'ಎನ್‌ಎಸ್‌ಎ0'.

3. 'ಎಂಟಿ' ಎಂಬ ಆಜ್ಞೆಯಿಂದ ಟೇಪಿನ ಸ್ಥಿತಿ ನೋಡಿ. ಬರೆಯಲು 'ಟಾರ್' ಇದೆ. ಈ ಹೆಸರೇ 'ಟೇಪ್ ಆರ್ಕೈವ್' ಎಂಬುದರ ಸಂಕ್ಷಿಪ್ತ ರೂಪ. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಅದು ಬಂದಿತು.

ಎಲ್ಲರೂ ಎಡವುವ ಜಾಗ

ಎರಡು ಹೆಸರಿದ್ದರೂ ಡ್ರೈವ್ ಒಂದೇ. 'ಎಸ್‌ಟಿ0' ಬಳಸಿದರೆ ಪ್ರತಿ ಕೆಲಸ ಮುಗಿದ ಮೇಲೆ ಟೇಪ್ ತಾನಾಗಿ ಮೊದಲಿಗೆ ಸುತ್ತಿಕೊಳ್ಳುತ್ತದೆ. ಸೋಮವಾರದ ಬ್ಯಾಕಪ್ ಮೇಲೆಯೇ ಮಂಗಳವಾರದ್ದು ಕೂರುತ್ತದೆ. ಹಳೆ ಕ್ಯಾಸೆಟ್ ನೆನಪಿಸಿಕೊಳ್ಳಿ: ಮೊದಲಿಗೆ ಸುತ್ತಿ ರೆಕಾರ್ಡ್ ಒತ್ತಿದರೆ ಹಿಂದಿನ ಹಾಡು ಅಳಿಯುತ್ತಿತ್ತು. ಇಲ್ಲಿ ಇನ್ನೂ ಕೆಟ್ಟದ್ದೆಂದರೆ, ಹೊಸದಾಗಿ ಬರೆದದ್ದು ಚಿಕ್ಕದಾದರೂ ಅದರಾಚೆ ಉಳಿದ ಹಳೆಯದನ್ನು ಸಾಮಾನ್ಯ ರೀತಿಯಲ್ಲಿ ಓದಲಾಗದು. ದೋಷದ ಸಂದೇಶವೂ ಬರುವುದಿಲ್ಲ.

ಆದ್ದರಿಂದ 'ಎನ್‌ಎಸ್‌ಟಿ0' ಬಳಸಿ. ಬರೆಯುವ ಮುನ್ನ 'ಎಂಟಿ' ಮೂಲಕ ಟೇಪನ್ನು ಮಾಹಿತಿಯ ಕೊನೆಗೆ ಒಯ್ಯಿರಿ. ತುಂಬಿದ ಮೇಲೆ ಕಾರ್ಟ್ರಿಡ್ಜ್‌ನ ಬರಹ ತಡೆಯುವ ಗುಂಡಿ ಸರಿಸಿ, ಲೇಬಲ್‌ನಲ್ಲಿ ದಿನಾಂಕ ಮತ್ತು ಬ್ಲಾಕ್ ಗಾತ್ರ ಬರೆಯಿರಿ. ಬ್ಲಾಕ್ ಗಾತ್ರ ಗೊತ್ತಿಲ್ಲದಿದ್ದರೆ ಮುಂದೆ ಓದುವಾಗ ತೊಡಕಾಗಬಹುದು.

ಬಿಸಿಲು, ಧೂಳು

ಟೇಪನ್ನು ವರ್ಷಗಟ್ಟಲೆ ಇಡಲು 16ರಿಂದ 25 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಗದಗ ತಾಲ್ಲೂಕಿನ ಕೋಟುಮಚಗಿಯಂಥ ಎರೆ ನೆಲದ ಊರಿನಲ್ಲಿ ಬೇಸಿಗೆಯ ಬಿಸಿಲೂ ಹೊಲದ ಧೂಳೂ ಎರಡೂ ಇವೆ. ಅಲ್ಲಿ ತಗಡಿನ ಮಾಡಿನ ಕೋಣೆಯಲ್ಲಿ ಟೇಪ್ ಇಡಬೇಡಿ. ಮುಚ್ಚಿದ ಡಬ್ಬಿಯಲ್ಲಿ, ತಂಪಾದ ಕೋಣೆಯಲ್ಲಿ ಇಡಿ. ಕ್ಲೀನಿಂಗ್ ಕಾರ್ಟ್ರಿಡ್ಜ್ ಅನ್ನು ಡ್ರೈವ್ ಕೇಳಿದಾಗ ಮಾತ್ರ ಹಾಕಿ.

ಮನೆಗೆ ಬೇಕೇ?

ಬೇಡ. ಹೊಸ ಡ್ರೈವ್‌ನ ಬೆಲೆ ಲಕ್ಷಗಟ್ಟಲೆ. ಅದು ದೊಡ್ಡ ದಾಖಲೆಗಳಿರುವ ಸಂಸ್ಥೆಗಳಿಗೆ. ಆದರೆ ಅವರ ನಿಯಮ ನಮಗೂ ಸಲ್ಲುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ.

ಮುಖ್ಯವಾದ ಮಾತು: ಮರಳಿ ತೆಗೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಟೇಪ್ ಇದ್ದವರು ತಿಂಗಳಿಗೊಮ್ಮೆ ಒಂದು ಕಡತವನ್ನು ಬೇರೆ ಫೋಲ್ಡರಿಗೆ ಇಳಿಸಿ ಮೂಲದೊಂದಿಗೆ ಹೋಲಿಸಲಿ. ನೀವು ಇವತ್ತೇ, ಕ್ಲೌಡ್‌ನಲ್ಲಿದೆ ಎಂದು ನಂಬಿರುವ ಮನೆಯ ಹಳೆಯ ಫೋಟೋ ಒಂದನ್ನು ಬೇರೆ ಫೋನ್‌ನಲ್ಲಿ ತೆರೆದು ನೋಡಿ. ತೆರೆದರೆ ನಿಶ್ಚಿಂತೆ. ತೆರೆಯದಿದ್ದರೆ, ಫೋನ್ ಕೆಡುವ ಮುನ್ನವೇ ತಿಳಿಯಿತಲ್ಲ!