ತವರಿಗೆ ಬಂದ ಗರ್ಭಿಣಿ, ಗಡಿಯಾಚೆ ಉಳಿದ ದಾಖಲೆ: ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಆರೋಗ್ಯ ದತ್ತಾಂಶ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ್ ರಾಯಚೂರು ಜಿಲ್ಲೆಯದೇ ತಾಲೂಕಾಗಿತ್ತು. ಆ ವರ್ಷ ರಾಯಚೂರು ಮೈಸೂರಿಗೆ ಸೇರಿತು. ಗದ್ವಾಲ್, ಮಕ್ತಲ್, ನಾರಾಯಣಪೇಟೆ ಆಂಧ್ರಪ್ರದೇಶದ ಪಾಲಾದವು; ಇಂದು ಅವು ತೆಲಂಗಾಣದಲ್ಲಿವೆ. ಹೆಣ್ಣು ಕೊಟ್ಟು ತರುವ ನಂಟು ಮಾತ್ರ ನಿಲ್ಲಲಿಲ್ಲ. ಇಲ್ಲಿನ ಡಿಜಿಟಲ್ ಆರೋಗ್ಯ ವ್ಯವಸ್ಥೆಯನ್ನು ಈ ನಂಟಿನಿಂದಲೇ ಅಳೆಯಬೇಕೆಂಬುದು ನನ್ನ ವಾದ.

ರಾಯಚೂರಿಗೆ ಸೊಸೆಯಾಗಿ ಹೋದ ಮಕ್ತಲ್ಲಿನ ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೆ. ಅಲ್ಲಿಯವರೆಗಿನ ರಕ್ತದೊತ್ತಡ, ಹಿಮೋಗ್ಲೋಬಿನ್, ಚುಚ್ಚುಮದ್ದಿನ ತಾರೀಖು ಕನ್ನಡದ ತಾಯಿ ಕಾರ್ಡಿನಲ್ಲಿರುತ್ತವೆ. ಕಾರ್ಡು ಗಂಡನ ಮನೆಯಲ್ಲೇ ಉಳಿದರೆ ತವರಿನ ಆಸ್ಪತ್ರೆಯಲ್ಲಿ ಎಲ್ಲವೂ ಮೊದಲಿನಿಂದ ಶುರು. ಇಂದಿನ ಹಿಮೋಗ್ಲೋಬಿನ್ 8 ಎಂದು ತಿಳಿಯಬಹುದು. ಅದು 10ರಿಂದ ಇಳಿದದ್ದೋ 6ರಿಂದ ಏರಿದದ್ದೋ ತಿಳಿಯದು. ಚಿಕಿತ್ಸೆಯ ನಿರ್ಧಾರಕ್ಕೆ ಆ ವ್ಯತ್ಯಾಸವೂ ಮುಖ್ಯ. ಹೆಸರಿನ ತೊಡಕೂ ಉಂಟು: ತೆಲುಗು ದಾಖಲೆಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ರಾಯಚೂರಿನ ಕಡೆ ಸಾಮಾನ್ಯವಾಗಿ ಕೊನೆಗೆ. ಹೆಸರನ್ನಷ್ಟೇ ಹೋಲಿಸುವ ಗಣಕಕ್ಕೆ ಒಬ್ಬಳೇ ಇಬ್ಬರಾಗುತ್ತಾಳೆ.

ಈ ಸೀಮೆಗೆ ಗಣಕೀಕರಣ ಹೊಸದಲ್ಲ. 2007ರ ಏಪ್ರಿಲ್ 1ರಂದು ಬಡವರ ಆರೋಗ್ಯ ವಿಮೆ ಯೋಜನೆ ಆರೋಗ್ಯಶ್ರೀ ಪ್ರಾಯೋಗಿಕವಾಗಿ ಆರಂಭವಾದ ಮೂರು ಜಿಲ್ಲೆಗಳಲ್ಲಿ ಈ ಊರುಗಳಿದ್ದ ಅಂದಿನ ಮಹಬೂಬ್‌ನಗರವೂ ಒಂದು. ಆದರೆ ಅಂಥ ಯೋಜನೆಗಳ ದಾಖಲೆ ಮುಖ್ಯವಾಗಿ ಮಂಜೂರಾತಿಗೆ, ಬಿಲ್ಲಿನ ಪಾವತಿಗೆ. ರೋಗಿಯ ಹಿಂದುಮುಂದನ್ನು ತಿಳಿಸುವುದು ಅದರ ಉದ್ದೇಶವಲ್ಲ. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಈ ಕೊರತೆಯನ್ನು ತುಂಬಲು ಹೊರಟಿತು. ಅದರಲ್ಲಿ ರೋಗಿಗೆ 14 ಅಂಕಿಗಳ ಆಭಾ ಸಂಖ್ಯೆ ಸಿಗುತ್ತದೆ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇದ್ದು, ರೋಗಿ ಒಪ್ಪಿದಾಗ ಮಾತ್ರ ಇನ್ನೊಂದೆಡೆಗೆ ಹೋಗುತ್ತದೆ. ಖಾಸಗಿತನದ ದೃಷ್ಟಿಯಿಂದ ಇದು ಸರಿಯಾದ ವಿನ್ಯಾಸ. ಆದರೆ ಉಪಕೇಂದ್ರದ ಆರೋಗ್ಯ ಸಹಾಯಕಿ ಬರೆದ ಅಂಕಿ ಪುಸ್ತಕದಲ್ಲೇ ಉಳಿದರೆ, ಸಂಖ್ಯೆಯಿದ್ದೂ ಕಳಿಸಲು ಏನೂ ಇರುವುದಿಲ್ಲ.

ದಾರಿ ಇಲ್ಲವೆಂದಲ್ಲ. ಕ್ಷಯರೋಗಿಗಳಿಗಾಗಿ 2012ರಲ್ಲಿ ಆರಂಭವಾದ ನಿಕ್ಷಯ್ ಜಾಲತಾಣದಲ್ಲಿ ಒಂದು ರಾಜ್ಯದ ರೋಗಿಯನ್ನು ಇನ್ನೊಂದು ರಾಜ್ಯದ ಕೇಂದ್ರಕ್ಕೆ ವರ್ಗಾಯಿಸಬಹುದು. ಮುಂಬೈ, ಪುಣೆಗೆ ಗುಳೆ ಹೋಗುವ ಪಾಲಮೂರಿನ (ಮಹಬೂಬ್‌ನಗರ ಸೀಮೆಯ) ಕೂಲಿಕಾರರಿಗೆ ಇದರ ಬೆಲೆ ದೊಡ್ಡದು. ದೇಶಕ್ಕೆಲ್ಲ ಒಂದೇ ನಮೂನೆ, ರೋಗಿಗೆ ಒಂದೇ ಗುರುತು, ಬರಮಾಡಿಕೊಳ್ಳುವ ಸಿಬ್ಬಂದಿಗೆ ಸ್ಪಷ್ಟ ಹೊಣೆ: ಅದರ ಬಲವಿರುವುದು ಇಲ್ಲಿ.

ತವರಿಗೆ ಬರುವ ಗರ್ಭಿಣಿಯರಿಗೂ ಕರ್ನಾಟಕ, ತೆಲಂಗಾಣ ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಇಂಥ ವರ್ಗಾವಣೆಯ ಕ್ರಮವನ್ನು ತರಲಿ. ಕೃಷ್ಣಾ ನದಿಯ ಎರಡೂ ದಡಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದಲೇ ಅದು ಶುರುವಾಗಲಿ.