ಚಿತ್ರ ಬದಲಿಸುವ ಡ್ರಾಪ್‌ಡೌನ್ ಪಟ್ಟಿ: ಇತಿಹಾಸ

ಜಾಲಪುಟದಲ್ಲಿ ಮಡಿಚಿಕೊಂಡಿರುವ ಪಟ್ಟಿಯನ್ನು ತೆರೆದು ಒಂದು ಹೆಸರನ್ನು ಆರಿಸಿದೊಡನೆ, ಇಡೀ ಪುಟ ಮತ್ತೆ ಲೋಡ್ ಆಗದೆಯೇ ಅದರಲ್ಲಿರುವ ಚಿತ್ರ ಮಾತ್ರ ಬದಲಾಗುವಂತೆ ರೂಪಿಸಿದ ವ್ಯವಸ್ಥೆಯನ್ನು ಚಿತ್ರ ಬದಲಿಸುವ ಡ್ರಾಪ್‌ಡೌನ್ ಪಟ್ಟಿ ಎನ್ನುತ್ತಾರೆ. ಜಾಲತಾಣದ ತಲೆಭಾಗದಲ್ಲಿ ಮೌಸ್ ಸೋಕಿದಾಗ ಇಳಿದು ಬರುವ ಕೊಂಡಿಗಳ ಸಾಲನ್ನೂ ಡ್ರಾಪ್‌ಡೌನ್ ಎಂದೇ ಕರೆಯುವುದರಿಂದ ಇವೆರಡರ ಇತಿಹಾಸ ಅನೇಕ ಬಾರಿ ಬೆರೆತುಹೋಗುತ್ತದೆ. ಇಲ್ಲಿ ಹೇಳುತ್ತಿರುವುದು ಅರ್ಜಿ ನಮೂನೆಗಳಲ್ಲಿ ಬಳಕೆಯಾಗುವ ಆಯ್ಕೆಪಟ್ಟಿಯನ್ನು, ಅಂದರೆ ಎಚ್‌ಟಿಎಂಎಲ್‌ನಲ್ಲಿ ಸೆಲೆಕ್ಟ್ ಎಂಬ ಹೆಸರಿನ ಅಂಶವನ್ನು ಕುರಿತು.

ಬಿಡಿಭಾಗಗಳು ಬೇಗನೆ ಸಿದ್ಧವಾದವು. ಪುಟದೊಳಗೆ ಚಿತ್ರ ಇರಿಸುವ ಟ್ಯಾಗನ್ನು ಮಾರ್ಕ್ ಆಂಡ್ರೀಸೆನ್ 1993ರ ಫೆಬ್ರವರಿಯಲ್ಲಿ ಸೂಚಿಸಿದರು. ಆಯ್ಕೆಪಟ್ಟಿ ಮೊಸಾಯಿಕ್ ಬ್ರೌಸರಿನ ನಮೂನೆಗಳೊಂದಿಗೆ ಬಳಕೆಗೆ ಬಂದು, 1995ರ ನವೆಂಬರಿನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0 ಮಾನಕದಲ್ಲಿ ನೆಲೆಗೊಂಡಿತು.

ಕಾಲನಿರ್ಣಯದಲ್ಲಿ ತೊಡಕಿರುವುದು ಇದರ ಮುಂದಿನ ಹಂತದಲ್ಲಿ. ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆಯನ್ನು 1995ರ ಡಿಸೆಂಬರಿನಲ್ಲಿ ಘೋಷಿಸಲಾಗಿದ್ದರಿಂದ ಈ ತಂತ್ರವೂ ಅದೇ ವರ್ಷದ್ದೆಂದು ಭಾವಿಸುವುದು ಸುಲಭವಾದರೂ, ನೆಟ್‌ಸ್ಕೇಪ್ 2.0 ಬ್ರೌಸರಿನಲ್ಲಿ ಸ್ಕ್ರಿಪ್ಟಿಗೆ ಪಟ್ಟಿಯ ಆಯ್ಕೆ ತಿಳಿಯುತ್ತಿತ್ತೇ ಹೊರತು ಪುಟದಲ್ಲಿ ಮೂಡಿದ್ದ ಚಿತ್ರ ಅದರ ಕೈಗೆ ಸಿಗುತ್ತಿರಲಿಲ್ಲ. 1996ರ ಆಗಸ್ಟಿನಲ್ಲಿ ಹೊರಬಂದ ನೆಟ್‌ಸ್ಕೇಪ್ 3.0 ಚಿತ್ರದ ವಿಳಾಸವನ್ನು ಸ್ಕ್ರಿಪ್ಟಿನಿಂದಲೇ ತಿದ್ದಲು ಅವಕಾಶ ಕೊಟ್ಟಿತು. ನಿಜವಾದ ತಿರುವು ಇದೇ. ಅದೇ ತಿಂಗಳು ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 3ರ ವಿಂಡೋಸ್ ಆವೃತ್ತಿಯಲ್ಲಿ ಈ ಸೌಲಭ್ಯವಿರದಿದ್ದುದರಿಂದ, ಪುಟದ ಚಿತ್ರಗಳನ್ನು ಸ್ಕ್ರಿಪ್ಟಿಗೆ ಒದಗಿಸುವ ಸಂಗ್ರಹ ಬ್ರೌಸರಿನಲ್ಲಿ ಇದೆಯೇ ಎಂದು ಮೊದಲು ಪರೀಕ್ಷಿಸಿ ಆಮೇಲೆ ಮುಂದುವರಿಯುವ ಕ್ರಮ ರೂಢಿಗೆ ಬಂತು. ನೆಟ್‌ಸ್ಕೇಪಿನಲ್ಲಿಯೂ ಹೊಸ ಚಿತ್ರ ಹಳೆಯದರ ಉದ್ದಗಲಕ್ಕೇ ಹೊಂದಿಕೊಳ್ಳಬೇಕಾಗಿದ್ದುದರಿಂದ ಎಲ್ಲ ಚಿತ್ರಗಳನ್ನೂ ಒಂದೇ ಅಳತೆಗೆ ಕತ್ತರಿಸಿಡುತ್ತಿದ್ದರು. 28.8 ಕಿಲೋಬಿಟ್ ವೇಗದ ಮೋಡೆಮ್‌ನಲ್ಲಿ 30 ಕಿಲೋಬೈಟಿನ ಚಿತ್ರ ಇಳಿಯಲು 8 ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿದ್ದ ಕಾರಣ ಅವನ್ನು ಮುಂಚಿತವಾಗಿ ತರಿಸಿಡುವ ಪದ್ಧತಿಯೂ ಬೆಳೆಯಿತು.

ಕಾರ್ಯವಿಧಾನ ಸರಳವಾದದ್ದು. ನೀಲಗಿರಿ ಜಿಲ್ಲೆಯ ಚಿತ್ರಪುಟವೊಂದರಲ್ಲಿ ಉದಗಮಂಡಲ, ಗೂಡಲೂರು, ಮಸಿನಗುಡಿ ಎಂಬ ಮೂರು ಆಯ್ಕೆಗಳಿವೆ ಎಂದಿಟ್ಟುಕೊಂಡರೆ, ಪ್ರತಿಯೊಂದು ಆಯ್ಕೆಗೂ ಓದುಗನಿಗೆ ಕಾಣುವ ಹೆಸರು ಮತ್ತು ಕಾಣದ ಮೌಲ್ಯ ಎಂಬ ಎರಡು ಭಾಗಗಳಿರುತ್ತವೆ. ಮೌಲ್ಯದಲ್ಲಿ ಚಿತ್ರದ ಕಡತದ ಹೆಸರು ಅಡಗಿರುತ್ತದೆ. ಆಯ್ಕೆ ಬದಲಾದ ಸೂಚನೆ ದೊರೆತೊಡನೆ ಸ್ಕ್ರಿಪ್ಟ್ ಆ ಮೌಲ್ಯವನ್ನು ಓದಿ ಚಿತ್ರದ ವಿಳಾಸದ ಜಾಗದಲ್ಲಿ ಬರೆಯುತ್ತದೆ. ಹೆಸರು ಮತ್ತು ಮೌಲ್ಯ ಬೇರೆಯಾಗಿರುವುದರಿಂದ ಉದಗಮಂಡಲವನ್ನು ಊಟಿ ಎಂದು ತೋರಿಸಿದರೂ, ತಮಿಳಿನಲ್ಲಿ ಬರೆದರೂ ಕಡತವನ್ನು ಮುಟ್ಟಬೇಕಾಗಿಲ್ಲ.

ಇಂಥ ಪಟ್ಟಿಯನ್ನು ದೇಶಭಾಷೆಗಳ ಲಿಪಿಯಲ್ಲಿ ತೋರಿಸುವುದು ಮಾತ್ರ ಬಹುಕಾಲ ಕಷ್ಟವಾಗಿಯೇ ಉಳಿಯಿತು. ಈ ಅಧ್ಯಾಯಕ್ಕೆ ಸಾಮಾನ್ಯ ಇತಿಹಾಸಗಳಲ್ಲಿ ಸಿಗುವುದಕ್ಕಿಂತ ಹೆಚ್ಚಿನ ಜಾಗ ಸಲ್ಲಬೇಕು. ಕನ್ನಡ ಲಿಪಿಗೆ 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಸಿಕ್ಕಿತ್ತಾದರೂ ಅದನ್ನು ಸರಿಯಾಗಿ ಮೂಡಿಸುವ ಗಣಕಗಳಿರಲಿಲ್ಲ. ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳನ್ನು ಬಳಸಿದಾಗ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಊರಿನ ಹೆಸರು ರೋಮನ್ ಚಿಹ್ನೆಗಳ ಗೋಜಲಾಗಿ ಕಾಣುತ್ತಿತ್ತು. ವಿಂಡೋಸ್‌ನಲ್ಲಿ ತಮಿಳಿಗೆ ವಿಂಡೋಸ್ 2000ರಲ್ಲಿ, ಕನ್ನಡಕ್ಕೆ 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನೊಂದಿಗೆ, ಮಲಯಾಳಕ್ಕೆ 2004ರ ಎಕ್ಸ್‌ಪಿ ಎರಡನೆಯ ಪರಿಷ್ಕರಣೆಯಲ್ಲಿ ಯುನಿಕೋಡ್ ಬೆಂಬಲ ಒದಗಿತು. ಈ ಮೂರೂ ನುಡಿಗಳು ಕೂಡುವ ಗೂಡಲೂರಿನಂಥ ಗಡಿ ತಾಲೂಕಿನ ಮಟ್ಟಿಗೆ ಹೇಳುವುದಾದರೆ, ಮೂರು ಲಿಪಿಗಳೂ ಒಂದೇ ಪಟ್ಟಿಯಲ್ಲಿ ತಪ್ಪಿಲ್ಲದೆ ಮೂಡಲು ಬೇಕಾದ ನೆಲೆ ವಿಂಡೋಸ್ ಬಳಕೆದಾರರಿಗೆ 2004ಕ್ಕೆ ಮುಂಚೆ ಇರಲಿಲ್ಲ.

ಸ್ಕ್ರಿಪ್ಟಿನ ಕಡೆಗೆ ಮರಳಿದರೆ, 1998ರ ಅಕ್ಟೋಬರಿನ ಡಾಮ್ ಮಾನಕ, ಅಂದರೆ ಪುಟದ ಪ್ರತಿಯೊಂದು ಅಂಶವನ್ನೂ ಸ್ಕ್ರಿಪ್ಟಿಗೆ ಒದಗಿಸುವ ಒಪ್ಪಿತ ಮಾದರಿ, ಬ್ರೌಸರುಗಳ ನಡುವಣ ವ್ಯತ್ಯಾಸಗಳನ್ನು ಕ್ರಮೇಣ ತಗ್ಗಿಸಿತು. 2006ರ ಜೆಕ್ವೆರಿ ಎಂಬ ಸ್ಕ್ರಿಪ್ಟ್ ಸಂಗ್ರಹ ಬರವಣಿಗೆಯನ್ನು ಚಿಕ್ಕದಾಗಿಸಿತು. ಸ್ಕ್ರಿಪ್ಟನ್ನು ಹೇಗೆ ಬರೆದರೂ, ಚಿತ್ರ ಬದಲಾದಾಗ ಅದರ ಬದಲಿ ಪಠ್ಯವೂ, ಎಂದರೆ ದೃಷ್ಟಿಯಿಲ್ಲದವರಿಗೆ ಪರದೆ ಓದುವ ತಂತ್ರಾಂಶ ಹೇಳುವ ವಿವರಣೆಯೂ, ಬದಲಾಗಲೇಬೇಕು. ಹಾಗೆ ಮಾಡದಿದ್ದರೆ ಮಸಿನಗುಡಿಯನ್ನು ಆರಿಸಿದವರಿಗೆ ಗೂಡಲೂರಿನ ವಿವರಣೆ ಕೇಳಿಸುತ್ತದೆ.

ಸ್ಕ್ರಿಪ್ಟಿನ ಅನಿವಾರ್ಯತೆಯೂ ಇತ್ತೀಚೆಗೆ ಸಡಿಲಗೊಂಡಿದೆ. ಒಳಗಿನ ಅಂಶದ ಸ್ಥಿತಿಯನ್ನು ನೋಡಿ ಹೊರಗಿನದಕ್ಕೆ ರೂಪ ಕೊಡುವ, ಶೈಲಿಭಾಷೆಯಾದ ಸಿಎಸ್‌ಎಸ್‌ನ ಹ್ಯಾಸ್ ಎಂಬ ಸೂತ್ರ 2022ರಲ್ಲಿ ಸಫಾರಿ ಮತ್ತು ಕ್ರೋಮ್‌ಗಳಿಗೆ, 2023ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸಿಗೆ ಬಂದ ಮೇಲೆ, ಆರಿಸಿದ ಹೆಸರಿಗೆ ತಕ್ಕ ಚಿತ್ರವನ್ನು ಶೈಲಿಯ ನಿಯಮಗಳಿಂದಲೇ ತೋರಿಸಬಹುದಾಯಿತು. 2025ರ ಕ್ರೋಮ್ 135ನೆಯ ಆವೃತ್ತಿಯು ಆಯ್ಕೆಗಳ ಒಳಗೇ ಚಿತ್ರಗಳನ್ನು ಇಡಲು ಅನುವು ಮಾಡಿತು. ಇದನ್ನು ಅರಿಯದ ಬ್ರೌಸರುಗಳಲ್ಲಿ ಅದೇ ಪಟ್ಟಿ ಬರಿಯ ಹೆಸರುಗಳೊಂದಿಗೆ ತೆರೆದುಕೊಳ್ಳುತ್ತದೆ.